ಹುಲಿಗೆಮ್ಮ ಕಟೆದ ಹಕ್ಕಿ

ಹೋದ ವರ್ಷ ನಮ್ಮ ಪಕ್ಕದ ಮನೆಯವರು ಅಡುಗೆಮನೆಯ ಕಟ್ಟೆಗೆ ಗ್ರಾನೈಟು ಹಾಕಿಸುತ್ತಿದ್ದರು. ಎರಡು ದಿನ ಮಷೀನು ಕಿರುಚಿತು, ನನಗೇನೂ ಅನ್ನಿಸಲಿಲ್ಲ. ಮೂರನೆಯ ದಿನ ಮೂಲೆಯ ತುಂಡೊಂದು ಮಷೀನಿಗೆ ಸಿಗದೆ, ಕೆಲಸದವನು ಚಾಣ ಇಟ್ಟು ಸುತ್ತಿಗೆಯಿಂದ ಹೊಡೆಯತೊಡಗಿದ. ಒಣ ಕಲ್ಲಿಗೆ ಉಕ್ಕು ಬಡಿದಾಗ ಒಂದು ವಾಸನೆ ಏಳುತ್ತದೆ, ಬೆಂಕಿಕಡ್ಡಿ ಗೀರಿ ಆರಿಸಿದಂಥದ್ದು. ಕಿಟಕಿಯಿಂದ ಅದು ಒಳಗೆ ಬಂದದ್ದೇ ತಡ, ಹೆಚ್ಚುತ್ತಿದ್ದ ಬದನೆಕಾಯಿ ಅಲ್ಲೇ ಬಿಟ್ಟು ಕೂತುಬಿಟ್ಟೆ. ಮೂಗಿಗೆ ಬಂದದ್ದು ಕೂಡ್ಲಿಗಿ–ಕೊಟ್ಟೂರು ರಸ್ತೆಯ ಪಕ್ಕದ ಒಂದು ಕಲ್ಲಿನ ಅಂಗಳ, ಮತ್ತು ಅಲ್ಲಿ ನಾನು ಕಳೆದ ಏಳೆಂಟು ತಿಂಗಳು.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಕೂಡ್ಲಿಗಿಯ ಮನೆಯಲ್ಲಿ ಕೂತಿದ್ದೆ. ಹೆಣ್ಣುಮಗಳನ್ನು ಸೈಟಿಗೆ ಕರೆಯುವ ಗುತ್ತಿಗೆದಾರರು ನಮ್ಮ ಕಡೆ ಆಗ ಇರಲಿಲ್ಲ. ದೀಪಾವಳಿ ಮುಗಿದ ವಾರ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಒಂದು ಸುದ್ದಿ ತಂದರು. ಕರಾವಳಿಯ ಯಾವುದೋ ಊರಿನಲ್ಲಿ ಕ್ರೈಸ್ತರು ಹೊಸ ಕೆಥೆಡ್ರಲ್, ಅಂದರೆ ಬಿಷಪ್ಪರ ದೊಡ್ಡ ಚರ್ಚು, ಕಟ್ಟುತ್ತಿದ್ದಾರಂತೆ. ಅದರ ಬಲಿಪೀಠದ ಹಿಂದಿನ ಗೋಡೆಗೆ ನಮ್ಮ ಗುಡ್ಡಗಳ ಬೂದು ಕಲ್ಲೇ ಬೇಕಂತೆ. ಕಲ್ಲನ್ನು ಇಲ್ಲೇ ಕೆತ್ತಿ ಲಾರಿಯಲ್ಲಿ ಒಯ್ಯುತ್ತಾರಂತೆ. ನಕ್ಷೆ ಓದಿ ಅಳತೆ ನೋಡಿಕೊಳ್ಳಲು ಒಬ್ಬರು ಬೇಕಂತೆ. "ಹೋಗ್ತೀಯೇನವಾ ಗಿರಿಜಾ?" ಎಂದು ಅಪ್ಪ ಕೇಳಿದಾಗ ನಾನು ಚಪ್ಪಲಿ ಹಾಕಿಕೊಂಡೇ ಉತ್ತರ ಕೊಟ್ಟೆ.

ಆ ಗೋಡೆ ಕೆತ್ತಿಸಲು ಬಂದಿದ್ದ ಶಿಲ್ಪಿಯ ಹೆಸರು ಜೆರೋಮ್. ಐವತ್ತು ದಾಟಿದ, ತೆಳ್ಳಗಿನ, ಸದಾ ತಲೆಗೆ ಟವೆಲು ಸುತ್ತಿಕೊಂಡಿರುತ್ತಿದ್ದ ಮನುಷ್ಯ. ಕರಾವಳಿಯ ಅವರ ಕನ್ನಡ ಕೇಳಿ ನಮ್ಮ ಕಲ್ಲು ಕೆಲಸದವರು ಮೊದಲ ವಾರ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವರ ಟ್ರಂಕಿನಲ್ಲಿ ರಟ್ಟಿನಿಂದ ಮಾಡಿದ ಪುಟ್ಟ ಕೆಥೆಡ್ರಲ್ ಒಂದಿತ್ತು. ನಾನು ಗೋಪುರ, ಶಿಲುಬೆ, ಬಣ್ಣದ ಗಾಜು ಇರಬಹುದು ಅಂದುಕೊಂಡಿದ್ದೆ. ಅಲ್ಲಿದ್ದದ್ದು ಕಾಗದವನ್ನು ಮಡಿಕೆ ಮಡಿಕೆಯಾಗಿ ಮಡಿಸಿ ನಿಲ್ಲಿಸಿದಂಥ ಸೂರು, ಕಿಟಕಿಯೇ ಇಲ್ಲದ ಗೋಡೆ, ಒಂದು ಪಕ್ಕದಲ್ಲಿ ನೆಲದಿಂದ ಸೂರಿನವರೆಗೆ ಬೆರಳಗಲದ ಸೀಳು.

"ಬಾಗಿಲಿನಿಂದ ಒಳಗೆ ನೋಡಿ," ಎಂದು ಅದನ್ನು ಬಿಸಿಲಿಗೆ ಹಿಡಿದರು. ಕಣ್ಣಿಟ್ಟು ನೋಡಿದೆ. ಸೀಳಿನಿಂದ ಬಂದ ಬಿಸಿಲು ಹಿಂದಿನ ಗೋಡೆಯ ಮೇಲೆ ಓರೆಯಾಗಿ ಬಿದ್ದು ಜಾರುತ್ತಿತ್ತು.

"ಇಷ್ಟೇ ಬೆಳಕು. ಇನ್ನೆಲ್ಲ ಬರೀ ಕಾಂಕ್ರೀಟು. ಬಣ್ಣ ಇಲ್ಲ, ಗಿಲಾವು ಇಲ್ಲ. ಕಾಂಕ್ರೀಟು ಸುರಿದ ಹಲಗೆ ಬಿಚ್ಚಿದಾಗ ಹೇಗೆ ಬರ್ತದೋ ಹಾಗೇ. ಆ ಬೆಳಕು ಬೀಳುವ ಗೋಡೆ ನಮ್ಮದು."

ಆ ಗೋಡೆಯ ನಕ್ಷೆ ಬಿಚ್ಚಿ ಒಂದೊಂದನ್ನೂ ತೋರಿಸಿದರು. ಗೋಧಿಯ ತೆನೆ ಎಂದರೆ ರೊಟ್ಟಿ, ದ್ರಾಕ್ಷಿಯ ಬಳ್ಳಿ ಎಂದರೆ ದ್ರಾಕ್ಷಾರಸ, ಅದು ಯೇಸುವಿನ ರಕ್ತ. ಮೀನು ಹಿಂದಿನ ಕಾಲದ ಕ್ರೈಸ್ತರ ಗುಟ್ಟಿನ ಗುರುತು. ಕುರಿಮರಿ ಬಲಿಯಾದವನು. ನಟ್ಟನಡುವೆ ಎರಡಾಳೆತ್ತರದ ಒಂದು ಹಕ್ಕಿ, ಉದ್ದ ಕೊಕ್ಕನ್ನು ತನ್ನ ಎದೆಗೇ ಚುಚ್ಚಿಕೊಂಡಿದೆ. ಕೆಳಗೆ ಮೂರು ಮರಿಗಳು ಬಾಯಿ ತೆರೆದು ನಿಂತಿವೆ.

"ಪೆಲಿಕನ್. ಕನ್ನಡದಲ್ಲಿ ಹೆಜ್ಜಾರ್ಲೆ ಅಂತಾರೆ. ಹಸಿದ ಮರಿಗಳಿಗೆ ತನ್ನ ಎದೆ ಬಗೆದು ರಕ್ತ ಕುಡಿಸ್ತದೆ ಅಂತ ನಂಬಿಕೆ. ಯೇಸು ನಮಗೆ ಮಾಡಿದ್ದೂ ಅದೇ."

"ಯೇಸುವಿನ ಮುಖ ಎಲ್ಲಿದೆ ಸರ್?"

"ಮುಖ ಇಲ್ಲ ಮಾರಾಯ್ತಿ. ಇದೆಲ್ಲ ಅವನೇ."

ಕೆಲಸ ಶುರುವಾಗಿ ತಿಂಗಳಾದರೂ ಜೆರೋಮ್ ಸರ್ ಮುಖ ಅರಳಲಿಲ್ಲ. ಮೇಸ್ತ್ರಿ ಈರಣ್ಣ ಗುಡಿಗಳಿಗೆ ಕಂಬ, ನಂದಿ, ನಾಗರಕಲ್ಲು ಮಾಡಿ ಪಳಗಿದವರು. ಅವರ ಕೈಯಲ್ಲಿ ಕಲ್ಲು ಕನ್ನಡಿಯಾಗುತ್ತಿತ್ತು. ಜೆರೋಮ್ ಸರ್‌ಗೆ ಬೇಕಾಗಿದ್ದದ್ದು ನುಣುಪಲ್ಲ. ಓರೆ ಬೆಳಕು ಬಿದ್ದಾಗ ಪ್ರತಿ ಏಟಿನ ಗುರುತೂ ನೆರಳು ಹಿಡಿಯಬೇಕು, ಆದರೆ ಕೈ ಆಡಿಸಿದರೆ ಚುಚ್ಚಬಾರದು. ಒರಟು ಮಾಡಿ ಅಂದರೆ ಈರಣ್ಣನ ಹುಡುಗರು ಕಲ್ಲನ್ನು ಗಾಯ ಮಾಡುತ್ತಿದ್ದರು. ಹಗುರ ಮಾಡಿ ಅಂದರೆ ಉಜ್ಜಿ ಹೊಳೆಯಿಸುತ್ತಿದ್ದರು.

ಒಂದು ಮಧ್ಯಾಹ್ನ ರಸ್ತೆಯಿಂದ ಹೆಂಗಸಿನ ಕೂಗು ಕೇಳಿತು. "ಒಳ್ಳು ಕಟಿಸ್ರೀ... ಬೀಸೋ ಕಲ್ಲು ಕಟಿಸ್ರೀ..." ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಕೂಗು. ರುಬ್ಬಿ ರುಬ್ಬಿ ನುಣ್ಣಗಾದ ಒರಳಿಗೆ, ಬೀಸುವ ಕಲ್ಲಿಗೆ ಹೊಸದಾಗಿ ಕಚ್ಚು ಹೊಡೆದು ಕೊಡುವವರು ಮನೆಮನೆಗೆ ಬರುತ್ತಿದ್ದರು. ಆ ಕೂಗು ಆಗಲೇ ಕಡಿಮೆಯಾಗಿತ್ತು. ನಮ್ಮ ಅವ್ವನೂ ಆ ವರ್ಷವೇ ಮಿಕ್ಸಿ ತಂದು ಒರಳನ್ನು ಹಿತ್ತಲಿಗೆ ಸಾಗಿಸಿದ್ದಳು.

ಕೂಗಿನ ಅರ್ಥ ಹೇಳಿದ್ದೇ, ಜೆರೋಮ್ ಸರ್ ಬರಿಗಾಲಲ್ಲಿ ರಸ್ತೆಗೆ ಓಡಿದರು.

ಕರೆತಂದ ಹೆಂಗಸು ಹುಲಿಗೆಮ್ಮ. ನಲವತ್ತೈದರ ಆಸುಪಾಸು, ಕಡ್ಡಿಯಂಥ ಮೈ, ಕಲ್ಲಿನ ಪುಡಿ ಹಾರಿ ಹಾರಿ ಸುಕ್ಕಾದ ಕಣ್ಣಂಚು. ಬೆನ್ನಿಗೆ ಸೀರೆಯಲ್ಲಿ ಒಂದು ಕೂಸು ಕಟ್ಟಿಕೊಂಡಿದ್ದಳು, ವರ್ಷ ತುಂಬಿತ್ತೋ ಇಲ್ಲವೋ. ಗೋಧಿಯ ತೆನೆಯ ಕಲ್ಲು ತೋರಿಸಿ, ಇದಕ್ಕೆ ಒರಳಿಗೆ ಹೊಡೆದ ಹಾಗೆ ಹೊಡೆಯುತ್ತೀಯಾ ಎಂದು ಕೇಳಿದೆ.

"ಇದ್ರಾಗ ಏನ್ ರುಬ್ತೀರಿ ಅಕ್ಕಾರ?" ಎಂದಳು.

"ರುಬ್ಬೋದಿಲ್ಲ. ನೋಡಾಕ."

ಅವಳು ನನ್ನನ್ನೊಮ್ಮೆ ಜೆರೋಮ್ ಸರ್ ಅವರನ್ನೊಮ್ಮೆ ನೋಡಿ ಕೂತಳು. ಎಡಗೈಯ ಚಾಣ ಅಕ್ಕಿಕಾಳಿನಷ್ಟು ಜರುಗುತ್ತ ಹೋಯಿತು, ಬಲಗೈಯ ಸುತ್ತಿಗೆ ಒಂದೇ ತೂಕದಲ್ಲಿ ಬೀಳುತ್ತ ಹೋಯಿತು. ಅರ್ಧ ಗಂಟೆಯಲ್ಲಿ ಮೊಳದುದ್ದ ಜಾಗ ಮುಗಿಸಿದಳು. ಜೆರೋಮ್ ಸರ್ ಅಂಗೈ ಆಡಿಸಿದರು, ಕೆನ್ನೆ ಇಟ್ಟು ಓರೆಯಾಗಿ ನೋಡಿದರು. ಮಳೆ ಹನಿ ಬಿದ್ದ ಧೂಳಿನ ಹಾಗೆ ಕಾಣುತ್ತಿತ್ತು ಆ ಕಲ್ಲು.

"ನಾಳೆಯಿಂದ ಬರ್ತೀರಾ?" ಎಂದು ಅವರು ಕೇಳಿದ್ದು ಅವಳಿಗೆ ತಿಳಿಯಲಿಲ್ಲ. ಬಹುವಚನದಲ್ಲಿ ಮಾತಾಡಿಸಿಕೊಂಡು ಅವಳಿಗೆ ರೂಢಿಯಿರಲಿಲ್ಲ. ಬೇರೆ ಯಾರನ್ನೋ ಕೇಳುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದಳು.

ಈರಣ್ಣ ಮೇಸ್ತ್ರಿ ಎರಡು ದಿನ ಮಾತು ಬಿಟ್ಟರು. "ದೇವರ ಕಲ್ಲಿಗೆ ಒಳ್ಳು ಕಟಿಯಾಕಿ ಕೈ ಹಚ್ಚಬೇಕಾತು," ಎಂದು ಗೊಣಗಿದರು. ಮೂರನೆಯ ದಿನ ಅವಳ ಹಿಂದೆ ನಿಂತು ತುಂಬಾ ಹೊತ್ತು ನೋಡಿದರು. ಮರುದಿನ ಕೊಟ್ಟೂರಿನ ಕುಲುಮೆಗೆ ಚಾಣಗಳನ್ನು ಹದ ಹಾಕಿಸಲು ಹೋದಾಗ ಕೇಳದೆಯೇ ಅವಳದ್ದನ್ನೂ ಒಯ್ದರು. "ಚಾಣಕ್ಕ ಎಷ್ಟು ಸಣ್ಣ ಮೂತಿ ಇಟ್ಕಂಡಾಳ ನೋಡ್ರಿ," ಎಂದು ನನಗೆ ತೋರಿಸಿದರು, ತಾವೇ ಕಂಡುಹಿಡಿದವರ ಹಾಗೆ.

ಚಳಿಗಾಲ ಹಾಗೇ ಸರಿಯಿತು. ಅಂಗಳದ ಬೇವಿನ ಕೊಂಬೆಗೆ ಕೂಸಿನ ಜೋಲಿ. ಬೆಳಗಿನ ಇಬ್ಬನಿಗೆ ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಫೆಬ್ರವರಿ ದಾಟುತ್ತಲೇ ಅದೇ ಕಲ್ಲಿನ ಮೇಲೆ ಕೂರಲು ಗೋಣಿಚೀಲ ನೆನೆಸಿ ಹಾಸಿಕೊಳ್ಳಬೇಕಾಯಿತು. ಮಧ್ಯಾಹ್ನ ಹುಲಿಗೆಮ್ಮ ಜೋಳದ ರೊಟ್ಟಿಯನ್ನು ಬಾಯಲ್ಲಿ ನುಣ್ಣಗೆ ಅಗಿದು, ಕೂಸಿನ ಬಾಯಿಗೆ ಬಾಯಿ ಹಚ್ಚಿ ಉಣಿಸುತ್ತಿದ್ದಳು. ಕೂಸು ಅವಳದ್ದೇ ಎಂದು ನಾನು ತಿಳಿದಿದ್ದೆ. ಒಮ್ಮೆ ಹಾಗೆ ಹೇಳಿದಾಗ ನಕ್ಕಳು.

"ಮೊಮ್ಮಗಳ್ರಿ. ನನ್ನ ಮಗಳದು."

"ಮಗಳು ಎಲ್ಲಿ ಅದಾಳ?"

"ಇಲ್ರಿ," ಎಂದಳು. ಇನ್ನೊಂದು ತುತ್ತು ಮುರಿದು ಅಗಿಯತೊಡಗಿದಳು.

ಮೀನು ಮುಗಿಯಿತು, ತೆನೆ ಮುಗಿಯಿತು, ಕುರಿಮರಿಯ ತುಪ್ಪಟವನ್ನಂತೂ ಅವಳು ಯಾರಿಗೂ ಮುಟ್ಟಗೊಡಲಿಲ್ಲ. ಕೊನೆಗೆ ಹಲವು ಕಲ್ಲುಗಳನ್ನು ಜೋಡಿಸಿ ಆಗಬೇಕಿದ್ದ ಹಕ್ಕಿ ಉಳಿಯಿತು. ರೆಕ್ಕೆ, ಕತ್ತು ಕಟೆಯುತ್ತ ಬಂದವಳು ಒಂದು ದಿನ ಎದೆಯ ಕಲ್ಲಿನ ಮುಂದೆ ಕೂತು ಕೇಳಿದಳು:

"ಇದು ಏನ್ ಮಾಡಾಕ ಹತ್ತೈತ್ರಿ?"

ನಾನು ಜೆರೋಮ್ ಸರ್ ಹೇಳಿದ್ದನ್ನೇ ಹೇಳಿದೆ. ಅವಳು ಸುತ್ತಿಗೆ ಕೆಳಗಿಟ್ಟಳು.

"ಈ ಹಕ್ಕಿ ನಾ ಕಂಡೀನ್ರಿ. ಹಗರಿಬೊಮ್ಮನಹಳ್ಳಿ ಕಡಿ ಕೆರಿಯಾಗ ಅದಾವು. ಎದಿ ಕುಕ್ಕಂಬೋದಿಲ್ಲ. ಸುಳ್ಳು ಅದು."

"ಅದೊಂದು ನಂಬಿಕೆ ಹುಲಿಗೆಮ್ಮ."

"ಇರ್ಲಿ ಬಿಡ್ರಿ. ಇದೊಂದು ಕಲ್ಲು ನಾ ಹೊಡಿಯಂಗಿಲ್ಲ."

ಸಂಜೆವರೆಗೆ ಪಕ್ಕದ ಕಲ್ಲು ಕಟೆದಳು. ಎದೆಯ ಕಲ್ಲಿನ ಕಡೆ ತಿರುಗಿ ನೋಡಲಿಲ್ಲ. ಮರುದಿನವೂ ಅಷ್ಟೇ. ಕರಾವಳಿಯಲ್ಲಿ ಮಳೆ ಹಿಡಿಯುವ ಮುಂಚೆ ಗೋಡೆ ನಿಲ್ಲಬೇಕಿತ್ತು, ಆಗಲೇ ಮಾರ್ಚ್ ಅರ್ಧ ಕಳೆದಿತ್ತು. ನಾನು ಗದರಿದೆ. ಈರಣ್ಣ ರಮಿಸಿ ನೋಡಿದರು. ಕೊನೆಗೆ ಜೆರೋಮ್ ಸರ್ ಅವಳ ಎದುರು ಕುಕ್ಕರುಗಾಲಲ್ಲಿ ಕೂತು, "ಯಾಕೆ ಹೇಳಿ," ಎಂದರು.

ಅವಳು ಜೋಲಿಯ ಕಡೆ ನೋಡುತ್ತ ಹೇಳಿದಳು. "ಇದನ್ನ ಹಡಿಯೋವಾಗ ನನ್ನ ಮಗಳಿಗೆ ರಕ್ತ ನಿಲ್ಲಲಿಲ್ರಿ. ಚಕ್ಕಡಿ ಕಟ್ಟಿ ದವಾಖಾನಿಗೆ ಒಯ್ಯೋದ್ರಾಗ ಹಾದಿಯಾಗ ಹೋದ್ಲು. ತಾಯಿ ರಕ್ತದಾಗ ಕೂಸು ಬದುಕಿದ್ದು ನಾ ಕಂಡಿಲ್ಲ. ಕೂಸು ಬದುಕಿದ್ದು ಉಣಿಸಿದ್ದಕ್ಕ. ತಾಯಿ ಎದಿಯಾಗ ತೂತು ನನ್ನ ಕೈಲೆ ಮಾಡಿಸಬ್ಯಾಡ್ರಿ ಸಾರ್."

ಜೆರೋಮ್ ಸರ್ ಹಕ್ಕಿಯ ನಕ್ಷೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ, "ನಾನು ಜೀವಂತ ಪೆಲಿಕನ್ ನೋಡಿಯೇ ಇಲ್ಲ. ಪುಸ್ತಕದಲ್ಲಿ ಮಾತ್ರ. ತೋರಿಸ್ತೀರಾ?" ಎಂದರು.

ಭಾನುವಾರ ನಸುಕಿನಲ್ಲಿ ಬಾಡಿಗೆ ಜೀಪು ಮಾಡಿಕೊಂಡು ಹೊರಟೆವು. ಹುಲಿಗೆಮ್ಮ ಹೇಳಿದ ಕೆರೆ ತಲುಪಿದಾಗ ಬಿಸಿಲು ಆಗಷ್ಟೇ ನೀರು ಮುಟ್ಟುತ್ತಿತ್ತು. ನೀರಿನ ನಡುವೆ ನಿಂತ ಜಾಲಿಮರಗಳು ಹಿಕ್ಕೆಯಿಂದ ಸುಣ್ಣ ಬಳಿದ ಹಾಗಿದ್ದವು. ಕೊಕ್ಕರೆಗಳ ಗದ್ದಲದಲ್ಲಿ ಪಕ್ಕದವರ ಮಾತೂ ಸರಿಯಾಗಿ ಕೇಳುತ್ತಿರಲಿಲ್ಲ. "ಆ ತುದಿಗೆ ನೋಡ್ರಿ, ಚೀಲದ ಬಾಯಿ," ಎಂದು ಹುಲಿಗೆಮ್ಮ ಕೂಗಿದಳು. ಒಂದು ಮರದ ನೆತ್ತಿಯಲ್ಲಿ ನಾಲ್ಕೈದು ಗೂಡು. ದೊಡ್ಡ ಹಕ್ಕಿಯೊಂದು ತೇಲಿ ಬಂದು ಇಳಿಯಿತು. ಮರಿ ಅರಚಿಕೊಂಡು ಮೇಲೆದ್ದಿತು. ತಾಯಿ ಕೊಕ್ಕು ಅಗಲಿಸಿ ತಲೆ ತಗ್ಗಿಸಿತು; ಮರಿ ತಲೆ, ಕತ್ತು, ಅರ್ಧ ಮೈ ಎಲ್ಲವನ್ನೂ ಆ ಬಾಯೊಳಗೆ ತೂರಿಸಿ ಗಂಟಲಿನಿಂದಲೇ ಕಿತ್ತುಕೊಂಡು ತಿನ್ನತೊಡಗಿತು. ತಾಯಿ ಮರಿಯನ್ನೇ ನುಂಗಿಬಿಟ್ಟಿತೇನೋ ಎಂದು ನನಗೆ ಭಯವಾಯಿತು.

"ತಿನ್ನಲಿ, ತಿನ್ನಲಿ," ಎಂದಳು ಹುಲಿಗೆಮ್ಮ, ಬೆನ್ನ ಮೇಲಿದ್ದ ಕೂಸನ್ನು ತಟ್ಟುತ್ತ.

ಜೆರೋಮ್ ಸರ್ ಕೆರೆಯ ಏರಿಯ ಮೇಲೆ ಕೂತು ಹೊತ್ತು ನೆತ್ತಿಗೆ ಬರುವ ತನಕ ಹಕ್ಕಿಯ ಚಿತ್ರ ಬರೆದರು. ದೂರದಿಂದ ನೋಡಿದರೆ ಕೊಕ್ಕು ಎದೆಗೆ ಒತ್ತಿದ ಹಾಗೆ ಕಾಣುತ್ತದೆ, ಹಿಂದಿನವರು ಅದನ್ನೇ ಎದೆ ಬಗೆಯುವುದು ಅಂದುಕೊಂಡಿರಬೇಕು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅಂಗಳಕ್ಕೆ ಮರಳಿ ಹೊಸ ನಕ್ಷೆ ಮಾಡಿದರು: ಬಾಗಿದ ತಾಯಿ, ಅದರ ತೆರೆದ ಬಾಯೊಳಗೆ ತಲೆಯಿಟ್ಟ ಮರಿ.

ಆ ನಕ್ಷೆಗೆ ಒಪ್ಪಿಗೆ ಬೇಕಿತ್ತು. ಕೆಥೆಡ್ರಲ್‌ನ ಕಟ್ಟಡ ನೋಡಿಕೊಳ್ಳುತ್ತಿದ್ದ ಫಾದರ್ ವಲೇರಿಯನ್ ತಿಂಗಳಿಗೊಮ್ಮೆ ಬರುತ್ತಿದ್ದರು. ವಯಸ್ಸಾದವರು, ಉಬ್ಬಸ, ಮಾತು ಕಡಿಮೆ. ಆ ಸಲ ಬಂದವರು ಹೊಸ ನಕ್ಷೆಯ ಮೇಲೆ ಬೆರಳಿಟ್ಟು, "ಚೆಂದ ಉಂಟು ಜೆರೋಮ್. ಆದರೆ ಇದು ಹಕ್ಕಿ ಮಾತ್ರ. ಚಿಹ್ನೆ ಅಲ್ಲ," ಎಂದರು.

"ಉಣಿಸುವುದು ಚಿಹ್ನೆ ಅಲ್ವಾ ಫಾದರ್?"

"ಗಾಯ ಎಲ್ಲಿ? ಆ ಗೋಡೆಯ ಕೆಳಗೆ ನಾನು ದಿನಾ ಬಲಿಪೂಜೆ ಮಾಡ್ಬೇಕು. ಗಾಯವೇ ಇಲ್ಲದೆ ನಾನು ಜನರಿಗೆ ಎಂತ ಹೇಳುವುದು? ಹಳೆಯ ನಕ್ಷೆಗೆ ಬಿಷಪ್ಪರು ಸಹಿ ಹಾಕಿ ಆಗಿದೆ."

ಇಬ್ಬರಿಗೂ ದನಿ ಏರಿತು. ಜೆರೋಮ್ ಸರ್ ಟವೆಲು ಕಿತ್ತು ಕಲ್ಲಿನ ಮೇಲೆ ಎಸೆದರು. ಹಾಗಾದರೆ ಬೇರೆಯವರಿಂದ ಮಾಡಿಸಿಕೊಳ್ಳಿ ಎನ್ನುವ ಮಾತು ಅವರ ಬಾಯಿಂದ ಬಂದೇಬಿಟ್ಟಿತು. ಅಂಗಳದಲ್ಲಿ ಒಂದು ಸುತ್ತಿಗೆಯ ಸದ್ದೂ ಇರಲಿಲ್ಲ. ಎಲ್ಲ ತನ್ನಿಂದಲೇ ಆದದ್ದು ಎಂದು ಹುಲಿಗೆಮ್ಮನಿಗೆ ತಿಳಿದಿತ್ತು. ಎದ್ದು ಬಂದು ಫಾದರ್ ಮುಂದೆ ನಿಂತಳು.

"ಸ್ವಾಮೇರ, ಗಾಯ ಬೇಕೇನ್ರಿ ನಿಮಗ?"

ಅವಳ ಮಾತನ್ನು ನಾನು ಫಾದರ್‌ಗೆ ತಿಳಿಸಿ ಹೇಳಿದೆ. ಅವರು ಹೌದೆಂದು ತಲೆಯಾಡಿಸಿದರು.

"ಹಂಗಾರ ಬರ್ರಿ," ಎಂದು ಎದೆಯ ಕಲ್ಲಿನ ಬಳಿ ಕರೆದೊಯ್ದಳು. ಈರಣ್ಣನ ಹುಡುಗರಿಂದ ಅದನ್ನು ಮಗ್ಗುಲಿಗೆ ಹೊರಳಿಸಿದಳು. ಕಲ್ಲಿನ ಬೆನ್ನಿನ ಕಡೆ ಯಾರ ಚಾಣವೂ ತಾಗಿರಲಿಲ್ಲ. ಗುಡ್ಡದಿಂದ ಬಂಡೆ ಸೀಳುವಾಗ ಸಾಲಾಗಿ ತೂತು ಕೊರೆದು ಬೆಣೆ ಬಡಿಯುತ್ತಾರೆ. ಆ ತೂತುಗಳ ಅರ್ಧ ಭಾಗ ಅಲ್ಲಿ ಮೇಲಿನಿಂದ ಕೆಳಗೆ ಸಾಲಾಗಿ ಉಳಿದಿತ್ತು, ಹೊಲಿಗೆ ಬಿಟ್ಟ ಗಾಯದ ಹಾಗೆ.

"ಗುಡ್ಡದಿಂದ ಕಿತ್ತಾಗ ಆಗಿದ್ದು ಐತಲ್ರಿ. ಮತ್ತೊಂದು ಯಾಕ ಮಾಡ್ತೀರಿ? ಹಿಂದಿನ ಮಗ್ಗಲು ಮುಂದ ಬರೋಹಂಗ ಇದನ್ನ ಹೊಳ್ಳಿಸಿ ಹಚ್ರಿ."

ಫಾದರ್ ಆ ಸಾಲಿನ ಮೇಲೆ ಬೆರಳು ಇಳಿಸಿದರು, ಮತ್ತೆ ಮೇಲಕ್ಕೆ ತಂದರು. ಉಬ್ಬಸದ ಉಸಿರು ನಮಗೆಲ್ಲ ಕೇಳುತ್ತಿತ್ತು. "ಇದು ನೀವು ಹೇಳಿಕೊಟ್ಟದ್ದಾ?" ಎಂದು ಜೆರೋಮ್ ಸರ್ ಅವರನ್ನು ಕೇಳಿದರು.

"ಅಲ್ಲ, ಅವರದ್ದೇ ಯೋಚನೆ," ಎಂದರು ಸರ್.

"ಬಿಷಪ್ಪರಿಗೆ ನಾನು ಹೇಳ್ತೇನೆ," ಎಂದು ಫಾದರ್ ಜೀಪು ಹತ್ತಿದರು. ಎಂಟು ದಿನಕ್ಕೆ ಒಪ್ಪಿಗೆಯ ಪತ್ರ ಬಂತು. ಕೊನೆಯಲ್ಲಿ ಅವರ ಕೈಬರಹದಲ್ಲಿ ಒಂದು ಸಾಲು: ಆ ಕಲ್ಲನ್ನು ಯಾರೂ ತೊಳೆಯುವುದೂ ಬೇಡ.

ಮೇ ತಿಂಗಳಲ್ಲಿ ಜೋಳದ ಸೊಪ್ಪೆ ಹಾಸಿ ಕಲ್ಲುಗಳನ್ನು ಲಾರಿಗೇರಿಸಿದೆವು. ಸಂದುಗಳಲ್ಲಿ ಕೊನೆಯ ಏಟು ಅಲ್ಲೇ ಹಾಕಬೇಕಿದ್ದರಿಂದ ಹುಲಿಗೆಮ್ಮನೂ ಬಂದಳು. ಘಟ್ಟ ಇಳಿಯುವಾಗ ಕೂಸಿಗಿಂತ ಹೆಚ್ಚು ಅವಳೇ ವಾಂತಿ ಮಾಡಿಕೊಂಡಳು. ಕೆಥೆಡ್ರಲ್ ಎದುರು ನಿಂತಾಗ ಮೊದಲು ಕೇಳಿದ್ದು, "ಇನ್ನೂ ಗಿಲಾವ್ ಮಾಡಿಲ್ಲೇನ್ರಿ?" ಎಂದು.

"ಮಾಡೋದಿಲ್ಲ. ಹಿಂಗೇ ಬಿಡ್ತಾರ."

ಅವಳು ಗೋಡೆಯ ಹತ್ತಿರ ಹೋಗಿ ಕಾಂಕ್ರೀಟಿನ ಮೇಲೆ ಉಳಿದಿದ್ದ ಹಲಗೆಯ ಗೆರೆ, ಗಂಟುಗಳ ಗುರುತು ಸವರಿದಳು. "ಕಟ್ಟಿಗಿ ಹೆಂಗಿತ್ತೋ ಹಂಗ ಮೂಡೈತಿ," ಎಂದಳು. ಒಳಗೆ ಕಾಲಿಟ್ಟಾಗ ಮಾತ್ರ ಸೆರಗನ್ನು ತಲೆಗೆ ಎಳೆದುಕೊಂಡಳು. ಸೂರು ಮಡಿಕೆಮಡಿಕೆಯಾಗಿ ಎತ್ತರಕ್ಕೆ ಹೋಗಿ ಕತ್ತಲೆಯಲ್ಲಿ ಕಾಣೆಯಾಗುತ್ತಿತ್ತು. ಬೆಳಕೆಂದರೆ ಆ ಒಂದು ಸೀಳು. ನಾನು ರಟ್ಟಿನ ಬಾಗಿಲಿನಿಂದ ಇಣುಕಿ ನೋಡಿದ್ದು ಇದನ್ನೇ. ಆದರೆ ಅದರೊಳಗೆ ನಿಲ್ಲುವುದು ಬೇರೆಯೇ.

ಹದಿನೈದು ದಿನ ಕೆಲಸ ನಡೆಯಿತು. ಎದೆಯ ಕಲ್ಲು ಏರಿದ ದಿನ ಎಲ್ಲರೂ ಕತ್ತೆತ್ತಿ ನೋಡುತ್ತಿದ್ದಾಗ, ಹೊಸದಾಗಿ ನಡೆಯಲು ಕಲಿತಿದ್ದ ಕೂಸು ಎಲ್ಲೂ ಕಾಣಲಿಲ್ಲ. ನೋಡಿದರೆ ಪೇರಿಸಿಟ್ಟ ಹಲಗೆಗಳ ಮೇಲಿಂದ ಬಲಿಪೀಠದ ಕಲ್ಲಿನ ಮೇಲೆ ಹತ್ತಿ ಕೂತು ಉಚ್ಚೆ ಹೊಯ್ಯುತ್ತಿತ್ತು. ಜೆರೋಮ್ ಸರ್ "ಅಯ್ಯೋ ದೇವರೇ!" ಎಂದು ಓಡಿದರು. ಹುಲಿಗೆಮ್ಮ ಒರೆಸಲು ಸೆರಗು ಹಿಡಿದು ಧಾವಿಸಿದಳು. ಫಾದರ್ ವಲೇರಿಯನ್ ಕೈ ಅಡ್ಡ ಹಿಡಿದು ಎಲ್ಲರನ್ನೂ ನಿಲ್ಲಿಸಿದರು.

"ಹೆದರಿಸಬೇಡಿ, ಬೀಳ್ತದೆ. ಪವಿತ್ರ ತೈಲ ಹಚ್ಚುವವರೆಗೆ ಅದು ಬರೀ ಕಲ್ಲು," ಎಂದು ತಾವೇ ಕೂಸನ್ನು ಎತ್ತಿಕೊಂಡರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪ್ರತಿಷ್ಠಾಪನೆ ಕ್ರಿಸ್ಮಸ್‌ಗೆ ಮುಂಚೆ ನಡೆಯಿತು. ಹುಲಿಗೆಮ್ಮ ತಿರುಗಾಟದಲ್ಲಿದ್ದಳು, ಆಮಂತ್ರಣ ಹಿಡಿದು ಕೊಟ್ಟೂರು, ಹಡಗಲಿ ಎಲ್ಲ ಹುಡುಕಿದರೂ ಸಿಗಲಿಲ್ಲ. ಅಪ್ಪನನ್ನು ಕರೆದುಕೊಂಡು ನಾನು ಹೋದೆ. ಬಲಿಪೂಜೆ ಮುಗಿದ ಮೇಲೆ ಜನ ಸಾಲಾಗಿ ಗೋಡೆಯ ಹತ್ತಿರ ಬಂದರು. ಅವರು ಮೂರ್ತಿಯ ಪಾದ ಮುಟ್ಟಿ ಬೆರಳಿಗೆ ಮುತ್ತಿಡುವವರು. ಇಲ್ಲಿ ಪಾದವೇ ಇರಲಿಲ್ಲ. ಸ್ವಲ್ಪ ಹೊತ್ತು ಗೊಂದಲದಲ್ಲಿ ನಿಂತರು. ಆಮೇಲೆ ಮೀನು ಮಾರುವ ಹೆಂಗಸೊಬ್ಬಳು ಕೈಗೆ ಸಿಕ್ಕ ಕುರಿಮರಿಯ ಬೆನ್ನು ಮುಟ್ಟಿದಳು. ಅವಳ ಹಿಂದಿನವರು ತೆನೆ ಮುಟ್ಟಿದರು. ಸಂಜೆಯವರೆಗೆ ಆ ಗೋಡೆಯ ಮೇಲೆ ಕೈಗಳು ಓಡಾಡುತ್ತಲೇ ಇದ್ದವು.

ಆ ಹೆಂಗಸು ಹಕ್ಕಿಯನ್ನು ನೋಡುತ್ತ ನನ್ನನ್ನು ಕೇಳಿದಳು, "ಇದು ಮರಿಗೆ ತಿನ್ನಿಸುವುದಾ?"

"ಹೌದ್ರಿ," ಎಂದೆ.

"ಪಾಪ, ಅದಕ್ಕೆ ಎದೆಗೆ ಎಂತ ಆಯ್ತು?"

ಕೇಳಿದವಳು ತಾನೇ, "ಇಷ್ಟು ನೋವಿದ್ರೂ ತಿನ್ನಿಸ್ತದಲ್ಲ," ಎಂದು ಮುಂದೆ ಹೋದಳು. ಫಾದರ್ ಸ್ವಲ್ಪ ದೂರದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಹುಲಿಗೆಮ್ಮ ನನಗೆ ಸಿಕ್ಕಿದ್ದು ಜನವರಿಯಲ್ಲಿ, ಹರಪನಹಳ್ಳಿಯ ಒಂದು ಓಣಿಯಲ್ಲಿ. ಯಾರದೋ ಮನೆಯ ಜಗುಲಿಯ ಮೇಲೆ ಒರಳು ಕಟೆಯುತ್ತಿದ್ದಳು. ಪಕ್ಕದಲ್ಲಿ ಮೊಮ್ಮಗಳು ರೊಟ್ಟಿಯ ತುಂಡನ್ನು ತಾನೇ ಕಡಿಯುತ್ತ ಕೂತಿದ್ದಳು. ನಾನು ಪ್ರತಿಷ್ಠಾಪನೆಯ ಕಥೆಯನ್ನೆಲ್ಲ ಹೇಳಿದೆ. ಬಿಷಪ್ಪರ ಕಿರೀಟ, ಹಾಡು, ಧೂಪ. ಅವಳು ಹೂಂಗುಟ್ಟುತ್ತ ಕೆಲಸ ಮಾಡುತ್ತಿದ್ದಳು. ಜನ ಇಡೀ ದಿನ ಗೋಡೆ ಮುಟ್ಟುತ್ತಿದ್ದರು ಎಂದಾಗ ಮಾತ್ರ ಸುತ್ತಿಗೆ ನಿಂತಿತು.

"ದಿನಾ ಹಂಗ ಮುಟ್ತಾರೇನ್ರಿ?"

"ದಿನಾ. ಬಂದವರೆಲ್ಲ."

ಅವಳ ಮುಖದಲ್ಲಿ ಚಿಂತೆ ಮೂಡಿತು. ಕೈಯಲ್ಲಿದ್ದ ಒರಳಿನ ನುಣ್ಣಗಾದ ಅಂಚನ್ನು ಹೆಬ್ಬೆರಳಿಂದ ಸವರಿದಳು.

"ಹಂಗಾರ ಕಲ್ಲು ಸವೀತೈತ್ರಿ ಅಕ್ಕಾರ. ಕೈ ಅಂದ್ರ ಸುಮ್ನಲ್ಲ. ಹತ್ತು ವರ್ಷಕ್ಕೊಮ್ಮಿ ಕಟೀಬೇಕಾಗತೈತಿ ಅಂತ ಆ ಸ್ವಾಮೇರಿಗೆ ಹೇಳ್ರಿ. ನಾ ಬರ್ತೀನಿ. ನಾ ಇಲ್ಲಂದ್ರ ಈಕಿ ಬರ್ತಾಳ."

ಆಗಲಿ ಎಂದೆ. ಆ ವಾರವೇ ಫಾದರ್ ವಲೇರಿಯನ್ ಅವರಿಗೆ ಒಂದು ಕಾರ್ಡು ಬರೆದು ಹಾಕಿದೆ, ಅವಳ ಮಾತಿನಲ್ಲಿ ಒಂದಕ್ಷರವನ್ನೂ ಬದಲಿಸದೆ.